ಮೂರು ರಾಜರನ್ನಿಟ್ಟುಕೊಂಡು ಸುಮ್ಮನಿದ್ದವನು

ಮಾರ್ಚ್ ೪, ಬೆಳಿಗ್ಗೆ

ನೆರೆದಿರುವ ಸಭಿಕರೇ! ಮುಂದಿನ ಸಾಲಿನ ಗಣ್ಯರೇ, ಹಿಂದೆ ನೆಲದ ಮೇಲೆ ಕೂತ ಪುಟಾಣಿಗಳೇ... ಅಂದರೆ ಒಂದು ಕುರ್ಚಿ, ಒಂದು ಸ್ಟವ್, ಒಗೆಯದ ಎರಡು ಅಂಗಿ. ಬರೆದೇ ಗರ್ಜಿಸುತ್ತಿದ್ದೇನೆ. ಬಾಯಿ ಬಿಡುವಂತಿಲ್ಲ — ಡಾಕ್ಟರ ಆಜ್ಞೆ. ಗಂಟಲೊಳಗೆ ಗಂಟು. ಸದ್ಯ ಸಣ್ಣದು. ಈಗಲೇ ಕೊಯ್ದರೆ ದನಿ ಉಳಿಯುತ್ತದೆ. ಕೊನೆಯ ಸಾಲಿಗೆ ಮುಟ್ಟುವ ದನಿ ಬಹುಶಃ ಉಳಿಯುವುದಿಲ್ಲ. ಕೊಯ್ಯದೆ ಬಿಟ್ಟರೆ ಕೆಲವು ತಿಂಗಳು ಹಳೆಯ ದನಿಯಲ್ಲೇ ಗುಡುಗಬಹುದು. ಆಮೇಲೆ ಪೂರ್ತಿ ಹೋದೀತು.

ನಾಟಕ ಕಂಪನಿಯವರು ಮತ್ತೆ ರಾಜನ ಪಾತ್ರಕ್ಕೆ ಕರೆದರೆ? ಅದೊಂದು ಆಗಿಬಿಡಲಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಯಾವಾಗ ಕರೆಯುತ್ತಾರೆ ಎಂದು ಕೇಳಿದರು ಡಾಕ್ಟರು. ಚೀಟಿಯಲ್ಲಿ ಜಾಗ ಇರಲಿಲ್ಲ.

ಮಾರ್ಚ್ ೬, ಸಂಜೆ

ದರ್ಜಿಯ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಂದಿನಂತೆ ಒಮಾಹಾ ಎಂಬ ಎಲೆಯಾಟ. ದರ್ಜಿ, ರಿಟೈರಾದ ಟೆಲಿಫೋನ್ ಆಪರೇಟರ್ ಅಕ್ಕ, ನಾನು. ಪಣಕ್ಕೆ ಕೋಟಿನ ಗುಂಡಿಗಳು. ಕೈಗೆ ನಾಲ್ಕು ಎಲೆ, ಮೇಜಿಗೆ ಐದು — ಮೊದಲು ಮೂರು, ಆಮೇಲೆ ಒಂದೊಂದು. ಕೈಯಿಂದ ಎರಡೇ, ಮೇಜಿನಿಂದ ಮೂರೇ ಸೇರಿಸಬೇಕು. ಪಾಟಿನಲ್ಲಿ, ಅಂದರೆ ನಡುವಿನ ಪಣದ ರಾಶಿಯಲ್ಲಿ, ಎಷ್ಟಿದೆಯೋ ಅಷ್ಟರವರೆಗೆ ಕಟ್ಟಬಹುದು.

ನಾನು ಬಾಯಿ ಮುಚ್ಚಿದ್ದರಿಂದ ಇವತ್ತೇ ಮೊದಲ ಸಲ ತನ್ನ ಮಿಷನ್ನಿನ ಸದ್ದು ತನಗೇ ಕೇಳಿಸಿತು ಎಂದ ದರ್ಜಿ. ಅಕ್ಕ ನಗಲಿಲ್ಲ; ಗಂಟಲಿಗೇನು ಎಂದಳು. ಶೀತ, ಎಂದು ಬರೆದು ತೋರಿಸಿದೆ.

ಕೈಯಲ್ಲಿ ಎರಡು ರಾಜ ಬಂದವು. ಮೇಜಿನ ಮೇಲೆ ರಾಜ, ಒಂಬತ್ತು, ಆರು. ಮೂವರು ರಾಜರು ನನ್ನ ಪಕ್ಷ! ಆ ಗಳಿಗೆಗೆ ಅದನ್ನು ಮೀರಿಸುವ ಕೈ ಇಲ್ಲ. ಆದರೆ ಮೇಜಿನ ಆ ಮೂರರಲ್ಲಿ ಎರಡು ಆಟಿನ್. ಮೂರನೆಯದು ಬಿದ್ದರೆ, ಕೈಯಲ್ಲಿ ಎರಡು ಆಟಿನ್ ಇರುವವನು ಐದೂ ಒಂದೇ ಜಾತಿ ಮಾಡಿ ರಾಜರನ್ನೂ ಸಿಂಹಾಸನದಿಂದ ಇಳಿಸುತ್ತಾನೆ. ಪೂರ್ತಿ ಕಟ್ಟಿ ಓಡಿಸಬೇಕಿತ್ತು. ಕಟ್ಟಲಿಲ್ಲ. ರಂಗದ ಚಾಳಿ — ದೊಡ್ಡ ಮಾತು ಕೊನೆಯ ದೃಶ್ಯಕ್ಕೇ ಇರಲಿ. ಏನೂ ಕಟ್ಟದೆ, ಮುಂದಿನ ಎಲೆ ಬರಲಿ ಎಂದು ಸುಮ್ಮನೆ ಮೇಜು ತಟ್ಟಿದೆ.

ನಾಲ್ಕನೆಯ ಎಲೆ, ಆಟಿನ್. ದರ್ಜಿಯ ಕೈಯಲ್ಲಿ ಎರಡು ಆಟಿನ್ ಇದ್ದವು; ಕೊನೆಗೆ ಗುಂಡಿಗಳನ್ನೆಲ್ಲ ಗುಡಿಸಿಕೊಂಡ.

"ಮೂರ್ ರಾಜರನ್ನ ಇಟ್ಕೊಂಡು ಸುಮ್ನೆ ಕೂತಿದ್ರಾ ಗುರುಗಳೇ? ಆಗ್ಲೇ ಪೂರ್ತಿ ಕಟ್ಟಿದ್ರೆ ಎಲೆ ಎಸೀತಿದ್ದೆ. ಮುಂದಿನ್ ಎಲೆ ಪುಕ್ಕಟೆ ತೋರ್ಸಿದ್ರಿ."

ಕಟ್ಟಿದ್ದರೂ ಸೋಲಬಹುದಿತ್ತು ಎಂದಳು ಅಕ್ಕ, ಎಲೆ ಕಲಸುತ್ತ.

ಮಾರ್ಚ್ ೭

ಕಂಪನಿಯ ಮ್ಯಾನೇಜರಿಗೆ ಮೆಸೇಜ್ ಹಾಕಿದೆ. ರಾಜನ ಪಾತ್ರ ಇದ್ದರೆ ಹೇಳಿ, ನಾನು ಸಿದ್ಧ.

ಮಾರ್ಚ್ ೮

ಎರಡು ನೀಲಿ ಗೆರೆ. ಓದಿದ್ದಾರೆ.

ಮಾರ್ಚ್ ೧೫

ಓದಿದ್ದಾರೆ, ಅಷ್ಟೇ. ಅಂಗಿ ಒಗೆದೆ. ಪಕ್ಕದ ಮನೆಯವರು ಗೋಡೆಯಾಚೆ ಏನೋ ಹೇಳಿ ನಕ್ಕರು. ಆ ನಗುವಿಗೆ ಉತ್ತರವಾಗಿ ಒಂದು ಡೈಲಾಗ್ ನಾಲಿಗೆ ತುದಿಗೆ ಬಂತು... ನುಂಗಿದೆ. ನುಂಗುವಾಗ ಚುಚ್ಚುತ್ತದೆ ಈಗ.

ಮಾರ್ಚ್ ೨೦, ಸಂಜೆ

ಕೈಯಲ್ಲಿ ಜೋಡಿ ಗುಲಾಮ. ಮೇಜಿನಲ್ಲಿ ಗುಲಾಮ, ಏಳು, ಎರಡು. ಮತ್ತೆ ಅದೇ ಸ್ಥಿತಿ — ಎಲ್ಲರಿಗಿಂತ ಮೇಲೆ, ಆದರೆ ಎರಡು ಇಸ್ಪೀಟ್ ಬಾಯಿ ತೆರೆದು ಕೂತಿವೆ. ಪೂರ್ತಿ ಕಟ್ಟಿದೆ. ದರ್ಜಿ ಎಲೆ ಎಸೆದ. ಅಕ್ಕ ಯೋಚಿಸಿ ಅಷ್ಟೇ ಗುಂಡಿ ಹಾಕಿ ಸರಿಗಟ್ಟಿದಳು. ನಾಲ್ಕನೆಯದು ನಿರುಪದ್ರವಿ, ಕೆಂಪು ನಾಲ್ಕು. ಮತ್ತೆ ಪೂರ್ತಿ. ಅಕ್ಕ ಬಿಡಲಿಲ್ಲ. ಐದನೆಯದು ಇಸ್ಪೀಟ್.

ಸೋತೆ. ಅಕ್ಕನ ಕೈಯಲ್ಲಿ ಎರಡು ಇಸ್ಪೀಟ್ ಇದ್ದವು. ಸರಿಯಾಗೇ ಆಡಿದ್ದೀರಿ, ನನ್ನ ಅದೃಷ್ಟ ಅಷ್ಟೇ ಎಂದಳು. ಆಶ್ಚರ್ಯ — ಆವತ್ತಿನ ಉರಿ ಇಲ್ಲ. ಇದ್ದದ್ದನ್ನು ಇದ್ದಾಗಲೇ ಮುಂದಿಟ್ಟು ಸೋತೆ. ಇಂಥ ಸೋಲು ಹೊಸದು.

ದರ್ಜಿ ಗಿರಾಕಿ ಕಡೆ ಹೋದಾಗ ಚೀಟಿ ಬರೆದೆ: ಶೀತ ಅಲ್ಲ, ಗಂಟು. ಕೊಯ್ದರೆ ದೊಡ್ಡ ದನಿ ಹೋಗಬಹುದು.

ಅಕ್ಕ ಓದಿದಳು. ಗುಂಡಿಗಳನ್ನೆಲ್ಲ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು.

"ಅಷ್ಟ್ ವರ್ಷ ಸಣ್ಣ್ ದನಿಗಳನ್ನೇ ಕೇಳಿಸ್ಕೊಂಡು ಸಂಬಳ ತಗೊಂಡಿದೀನಿ ಅಣ್ಣ. ಸಣ್ಣ್ ದನಿ ಆದ್ರೂ ನಂಗೆ ಕೇಳ್ಸುತ್ತೆ. ದನೀನೇ ಇಲ್ದಿದ್ರೆ ಏನ್ ಕೇಳಿಸ್ಕೊಳ್ಲಿ?"

ಮಾರ್ಚ್ ೨೧

ಆಸ್ಪತ್ರೆಗೆ ಮೆಸೇಜ್: ಒಪ್ಪಿದೆ. ಇಪ್ಪತ್ತೈದಕ್ಕೆ ಬನ್ನಿ ಎಂದರು.

ಮಾರ್ಚ್ ೨೪, ಸಂಜೆ

ಜೊತೆಗೆ ಒಬ್ಬರು ಬರಲೇಬೇಕಂತೆ. ಸಂಬಂಧ ಏನೆಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮೆಸೇಜ್ ಬರೆದೆ, ಅಳಿಸಿದೆ. ಮತ್ತೆ ಬರೆದೆ. ಇಂಥದ್ದನ್ನು ಬೆರಳಲ್ಲಿ ಕೇಳುವುದೇ?

ಡಾಕ್ಟರು ಬೈಯಲಿ. ನಾಳೆ ಬೆಳಿಗ್ಗೆ ಬ್ಯಾಗ್ ಹಿಡಿದು ಹೊರಡುತ್ತೇನೆ. ಅಕ್ಕನ ಕಟ್ಟಡದ ಕೆಳಗೆ, ರಸ್ತೆಯ ನಡುವೆ ನಿಲ್ಲುತ್ತೇನೆ. ಬೆಲ್ ಒತ್ತುವುದಿಲ್ಲ. ಎದೆ ತುಂಬ ಉಸಿರೆಳೆದು, ಇರುವ ದನಿಯನ್ನೆಲ್ಲ ಒಟ್ಟು ಮಾಡಿ, ಮೂರನೆಯ ಮಹಡಿಯ ಕಿಟಕಿಗೆ ಮುಟ್ಟುವಂತೆ, ಒಂದೇ ಒಂದು ಸಲ — ಅಕ್ಕಾ, ನನ್ನ ಜೊತೆ ಬರ್ತೀರಾ?