ಹತ್ತು ಸೇರು ಉಣ್ಣೆ

ಹುಮನಾಬಾದ್
೧೦ ಫೆಬ್ರುವರಿ ೧೯೭೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪಂಡರಿ ಅಣ್ಣನಿಗೆ ಜಿಜಾ ಬರೆಯುವುದು.

ಇವತ್ತು ಕ್ಲಾಸಿಗೆ ರಜೆ. ಗಂಜ್ ಮಾರುಕಟ್ಟೆಯಲ್ಲೂ ವ್ಯಾಪಾರವಿಲ್ಲ, ನಮ್ಮ ಮನೆಯವರು ಊಟ ಮಾಡಿ ಮಲಗಿದ್ದಾರೆ. ಮಕ್ಕಳು ಹೊರಗೆ ಆಡುತ್ತಿದ್ದಾರೆ. ಈ ಪತ್ರವನ್ನು ಮೊದಲು ನೀನೊಬ್ಬನೇ ಓದು. ಆಮೇಲೆ ಅವ್ವನಿಗೆ ಓದಿ ಹೇಳುವುದೋ ಬೇಡವೋ ನಿನಗೆ ಬಿಟ್ಟದ್ದು. ನೀನು ನಿಧಾನವಾಗಿ ಓದುವವನೆಂದು ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ಹಾಳೆ ಹೆಚ್ಚಾದದ್ದು ಅದಕ್ಕೆ, ಗಾಬರಿಯಾಗಬೇಡ. ಎಲ್ಲರೂ ಆರಾಮ ಇದ್ದೇವೆ.

ದೀಪಾವಳಿಗೆ ತವರಿಗೆ, ಕಲ್ಯಾಣಕ್ಕೆ ಬಂದಾಗ, ಇಲ್ಲಿಯ ಮಹಿಳಾ ಮಂಡಳದವರು ನಮದಾ ಮಾಡುವುದನ್ನು ಮೂರು ತಿಂಗಳು ಕಲಿಸುತ್ತಾರಂತೆ ಎಂದು ಹೇಳಿದ್ದೆ. ನೀನು ನಕ್ಕು, "ಕುರಿಯವರ ಮಗಳಿಗಿ ಉಣ್ಣಿ ಕಲಸೋರು ಹುಮನಾಬಾದದಾಗ ಹುಟ್ಯಾರೇನು?" ಎಂದಿದ್ದೆ. ನಾನೂ ಅದೇ ಜಂಬದಿಂದ ಹೋದೆ. ಹದಿನಾಲ್ಕು ಜನ ಹೆಂಗಸರಲ್ಲಿ ಉಣ್ಣೆಯ ನಡುವೆ ಹುಟ್ಟಿದವಳು ನಾನೊಬ್ಬಳೇ. ಉಳಿದವರು ಒಕ್ಕಲುತನದವರು, ಕೂಲಿಗೆ ಹೋಗುವವರು. ನಿರ್ಣಾದಿಂದ ದಿನಾ ಬಸ್ಸಿಗೆ ಬರುವವರೂ ಇಬ್ಬರಿದ್ದಾರೆ. ಮೊದಲ ವಾರದಲ್ಲೇ ನನ್ನ ಜಂಬ ಇಳಿಯಿತು.

ನಮದಾಕ್ಕೆ ನೂಲಿಲ್ಲ, ಮಗ್ಗವಿಲ್ಲ. ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ತೆಳ್ಳಗೆ ಹರಡಬೇಕು, ಒಂದು ಪದರ ಉದ್ದಕ್ಕೆ, ಅದರ ಮೇಲೊಂದು ಅಡ್ಡಕ್ಕೆ. ಸಾಬೂನು ಕಲಸಿದ ಬಿಸಿನೀರು ಚಿಮುಕಿಸಿ, ಚಾಪೆಯ ಸಮೇತ ಸುರುಳಿ ಸುತ್ತಿ, ಹಗ್ಗದಿಂದ ಬಿಗಿದು, ಮೊಣಕೈಯಿಂದ ಒತ್ತಿ ಉರುಳಿಸಬೇಕು. ಬಿಚ್ಚಿ, ತಿರುಗಿಸಿ, ಮತ್ತೆ ಸುತ್ತಿ ಮತ್ತೆ ಉರುಳಿಸಬೇಕು. ಅರ್ಧ ದಿನದಲ್ಲಿ ಕೂದಲಿಗೆ ಕೂದಲು ಸಿಕ್ಕಿಕೊಂಡು ದಪ್ಪ ಹಾಸಾಗುತ್ತದೆ. ಅಪ್ಪ ಇದ್ದಾಗ ಕುದುರೆಯ ಬೆನ್ನ ಮೇಲೆ ಹೇರಿನ ಕೆಳಗೆ ಹಾಕುತ್ತಿದ್ದೆವಲ್ಲ, ಅದೇ. ಕಂಬಳಿಯನ್ನಾದರೆ ತಪ್ಪಿದಲ್ಲಿ ಬಿಚ್ಚಿ ಮತ್ತೆ ನೇಯಬಹುದು. ಇದನ್ನು ಬಿಚ್ಚಲಾಗುವುದಿಲ್ಲ. ಮೊದಲು ಹೆದರಿಕೆಯಾಗುತ್ತಿತ್ತು, ಈಗ ಅದೇ ಹಿಡಿಸಿದೆ.

ನನ್ನ ಮೊದಲ ನಮದಾ ಮಗನಿಗೆ ಮಲಗಲೆಂದು ಮಾಡಿದೆ. ಕಂಬಳಿಯ ಅಳತೆ ಗೊತ್ತಿದ್ದವಳು ನಾನು, ಎರಡು ಮೊಳ ಬೇಕೆಂದು ಎರಡೇ ಮೊಳ ಹರಡಿದೆ. ಉರುಳಿಸಿ ಬಿಚ್ಚಿದಾಗ ಒಂದೂವರೆ ಮೊಳವಾಗಿತ್ತು. ನನ್ನ ಜೊತೆ ಉರುಳಿಸುವವಳು ಭೀಮಬಾಯಿ ಅಂತ, ಗಂಜಿನಲ್ಲಿ ಕಾಳು ಹಸನು ಮಾಡುವವಳು. "ಮಗನ್ನ ಹೊಳ್ಳಿ ಹೊಟ್ಟಿಯಾಗ ಹಾಕ್ಕೋ, ಬರೋಬ್ಬರಿ ಆಗ್ತದ" ಎಂದಳು. ಈಗ ಅದರ ಮೇಲೆ ಬೆಕ್ಕು ಮಲಗುತ್ತದೆ. ಮನೆಯವರದು ಬೇರೆ ತಮಾಷೆ. "ನಾ ಬಂದ್ರ ಜ್ವಾಳದ ವಾಸನಿ, ನೀ ಬಂದ್ರ ಕುರಿ ವಾಸನಿ. ಮನಿ ಅಂಬೋದು ಸಂತಿ ಆಗ್ಯಾದ" ಎನ್ನುತ್ತಾರೆ. ಆದರೆ ನಾನು ತಡವಾಗಿ ಬಂದ ದಿನ ಒಲೆ ಹೊತ್ತಿಸಿ ಕೂತಿರುತ್ತಾರೆ. ಅವರು ಹೀಗೆ ಮಾಡುತ್ತಾರೆಂದು ಅವ್ವನಿಗೆ ಹೇಳಬೇಡ.

ಕಲಿಸುವವರು ಶಹಜಾದಿ ಆಪಾ, ಪಿಂಜಾರರ ಹೆಣ್ಣುಮಗಳು. ನನಗಿಂತ ಹತ್ತು ವರ್ಷ ದೊಡ್ಡವರು. ಮಾತು ಕಡಿಮೆ. ನಾವು ತಪ್ಪಿದರೆ ಬೈಯುವುದಿಲ್ಲ. ನಮ್ಮ ಕೈಗಳ ಮೇಲೆ ತಮ್ಮ ಕೈ ಇಟ್ಟು, ಎಷ್ಟು ಒತ್ತಬೇಕೋ ಅಷ್ಟು ಒತ್ತಿ ತೋರಿಸುತ್ತಾರೆ. ಒಮ್ಮೆ ಉಣ್ಣೆ ಎಷ್ಟು ಉರುಳಿಸಿದರೂ ಕೂಡಿಕೊಳ್ಳಲಿಲ್ಲ. ಇದು ಮುದಿ ಕುರಿಯ ಕೂದಲು, ಮರಿಗಳ ಮೊದಲ ಕತ್ತರಿಯ ಉಣ್ಣೆ ತಂದು ನೋಡಿ ಎಂದು ನಾನು ಹೇಳಿದೆ. ಅವರು ಅದನ್ನು ತರಿಸಿ, ಎರಡನ್ನೂ ಬೆರಳುಗಳ ನಡುವೆ ತಿಕ್ಕಿ ನೋಡಿ, "ಕುರಿ ಜೋಡಿ ಇದ್ದವರಿಗೇ ಇದು ತಿಳೀತದ" ಎಂದರು. ಅಂದಿನಿಂದ ಉಣ್ಣೆ ಆರಿಸುವ ಕೆಲಸ ನನ್ನದು. ಅಣ್ಣಾ, ಮದುವೆಯಾಗಿ ಈ ಊರಿಗೆ ಬಂದು ಹತ್ತು ವರ್ಷದಲ್ಲಿ, ನನಗೆ ಗೊತ್ತಿದ್ದುದನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಈಗ ನಿನ್ನನ್ನು ಕೇಳದೆ ಮಾಡಿದ ಒಂದು ಕೆಲಸ ಹೇಳುತ್ತೇನೆ. ಯುಗಾದಿ ಆದ ಮೇಲೆ ಕಲ್ಯಾಣದಲ್ಲಿ, ನಮ್ಮ ತ್ರಿಪುರಾಂತದ ಕಡೆಯ ಕುರಿಯವರ ಹೆಂಗಸರಿಗೆ ಇದೇ ಕ್ಲಾಸು ನಡೆಸಬೇಕೆಂದು ಮಂಡಳದ ಶಕುಂತಲಾಬಾಯಿಯವರು ನಿಶ್ಚಯಿಸಿದ್ದಾರೆ. ಆಪಾ ಕಲಿಸುವುದು, ನಾನು ಅವರ ಕೈಕೆಳಗೆ. ಜಾಗ ಎಲ್ಲಿ ಎಂಬ ಮಾತು ಬಂದಾಗ ನಾನು ನಮ್ಮ ಅಂಗಳವಿದೆ ಎಂದುಬಿಟ್ಟೆ. ಬೇವಿನ ನೆರಳಿದೆ, ಬಾವಿ ಇದೆ, ನೀರು ಚೆಲ್ಲಿದರೆ ಹರಿದುಹೋಗುತ್ತದೆ. ಹೇಳುವಾಗ ನೀನು ಬೇಡ ಎನ್ನಬಹುದೆಂದು ನನಗೆ ಅನ್ನಿಸಲೇ ಇಲ್ಲ. ಇದಾಗಿ ಮೂರು ವಾರವಾಯಿತು.

ಕಳೆದ ಮಂಗಳವಾರದವರೆಗೆ ನನಗೆ ನೆಮ್ಮದಿಯಾಗಿಯೇ ಇತ್ತು.

ಅಲ್ಲಿಯವರೆಗೆ ನಮಗೆ ತೊಳೆದ ಉಣ್ಣೆ ಕೊಡುತ್ತಿದ್ದರು. ಹೋದ ವಾರ ಮೊದಲ ಸಲ ಕುರಿಯ ಮೈಯಿಂದ ಕತ್ತರಿಸಿದ ಹಾಗೇ ಇದ್ದ ಉಣ್ಣೆ ಬಂತು. ಆಪಾ ಇಬ್ಬಿಬ್ಬರ ಒಂದೊಂದು ಜೋಡಿಗೆ ನಾಲ್ಕು ಕಿಲೋ ತೂಗಿ ಕೊಟ್ಟರು, ತೂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು. ನಾವು ಹಿಂಜಿ, ಹರಡಿ, ಉರುಳಿಸಿ, ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿದೆವು. ಮಂಗಳವಾರ ಮತ್ತೆ ತೂಗಿದರು. ನನ್ನ ಮತ್ತು ಭೀಮಬಾಯಿಯ ನಮದಾ ಎರಡು ಕಿಲೋ ಎಂಟುನೂರು ಗ್ರಾಂ ಬಂತು. ಭೀಮಬಾಯಿ ಎಂದಿನಂತೆ, "ಆಪಾ, ನಿಮ್ಮ ಚೀಲಾ ತೋರಸ್ರಿ. ನಮ್ಮ ಉಣ್ಣಿ ಎಲ್ಲಿ ಮುಚ್ಚಿಟ್ಟೀರಿ?" ಎಂದಳು. ಎಲ್ಲರೂ ನಕ್ಕರು.

ಆಪಾ ನಗಲಿಲ್ಲ. "ನಮ್ಮ ಅಬ್ಬಾಗ ಕಲ್ಯಾಣದಾಗ ಖರೇನೇ ಹಿಂಗ ಅಂದಿದ್ರು" ಎಂದರು. "ಕುರಿಯವರ ಮನ್ಯಾಗ. ಹತ್ತ್ ಸೇರ್ ಕೊಟ್ಟಿದ್ರು, ನಮದಾ ಏಳ್ ಸೇರ್ ಆತು. ಕಳ್ಳ ಅಂದ್ರು. ಅವತ್ತಿನಿಂದ ಅಬ್ಬಾ ಉಣ್ಣಿ ಮುಟ್ಟಿಲ್ಲ, ಬರೇ ಗಾದಿ ಹತ್ತಿ ಹಿಂಜ್ಯಾರ. ಅದಕ್ಕ ನಾ ಎಲ್ಲಾರ ಮುಂದ ತೂಗಿ ಬರೀತೀನಿ."

"ಅಬ್ಬಾನ ಹೆಸರೇನ್ರಿ?" ಎಂದು ಕೇಳಿದವಳು ನಾನೇ. ಕೇಳುವ ಅಗತ್ಯವಿರಲಿಲ್ಲ.

"ಮದಾರಸಾಬ" ಎಂದರು.

ನಿನಗೆ ನೆನಪಿದೆ ಎಂದು ಗೊತ್ತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಚಳಿಗಾಲ ಅದು. ನಿನಗೆ ಹದಿನಾರು, ನನಗೆ ಹತ್ತು. ತಕ್ಕಡಿ ಹಿಡಿದವನು ನೀನು. ಉಣ್ಣೆ ಕೊಡುವಾಗಲೂ ನೀನೇ ತೂಗಿದ್ದೆ, ಎರಡು ಸಲವೂ ಸರಿಯಾಗಿಯೇ ತೂಗಿದ್ದೆ. ಮದಾರಸಾಬ ಚಾಚಾ ಅಂಗಳದಲ್ಲಿ ನಿಂತು, "ಸಿದ್ದಪ್ಪಣ್ಣ, ಜಿಡ್ಡು ಬಿಸಿನೀರಾಗ ಹೋಗ್ಯಾದ" ಎಂದರು. ಅಪ್ಪ, "ಹೊಳಿಯಾಗ ಕುರಿ ತೊಳದ ಮ್ಯಾಲೇ ಕತ್ತರಿಸೀವಿ. ನಮ್ಮ ಕುರಿ ಮೈಮ್ಯಾಗ ಮೂರ್ ಸೇರ್ ಹೊಲಸಿತ್ತೇನು?" ಎಂದ. ಅವರು ಎರಡು ಸಲ ಹೇಳಿದರು. ಮೂರನೆಯ ಸಲ ಸುಮ್ಮನಾಗಿ, ಉಣ್ಣೆ ಹಿಂಜುವ ಕಮಾನು ಹೆಗಲಿಗೇರಿಸಿಕೊಂಡು ಹೊರಟುಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ರಜಾಕಾರರ ಗಲಾಟೆಯಾಗಿ ಎಂಟು ವರ್ಷ ಕಳೆದಿದ್ದರೂ ಆಗ ಕೊಲೆಗಳಾದ ಗೋರ್ಟಾದ ಹೆಸರು ತೆಗೆದರೆ ಜನ ಮಾತು ನಿಲ್ಲಿಸುತ್ತಿದ್ದರು. ಒಬ್ಬ ಮುಸಲ್ಮಾನ ನಮ್ಮ ಓಣಿಯಲ್ಲಿ ನಿಂತು ವಾದ ಮಾಡುವ ದಿನಗಳಲ್ಲ ಅವು.

ಅಪ್ಪ ಸುಳ್ಳು ಹೇಳಿದನೆಂದು ನಾನು ಬರೆಯುತ್ತಿಲ್ಲ. ಈ ಐದು ದಿನ ಅದನ್ನೇ ಯೋಚಿಸಿದ್ದೇನೆ. ನಾವು ಕಂಬಳಿಯವರು. ಕಂಬಳಿಗೆ ಉಣ್ಣೆಯನ್ನು ಬಿಸಿನೀರಿನಲ್ಲಿ ತೊಳೆಯುವುದಿಲ್ಲ, ಜಿಡ್ಡು ಸಮೇತ ನೂಲುತ್ತೇವೆ, ಮೇಲೆ ಹುಣಸೆ ಬೀಜದ ಗಂಜಿ ಬೇರೆ ಹಾಕುತ್ತೇವೆ. ಹತ್ತು ಸೇರು ಕೊಟ್ಟರೆ ಹತ್ತು ಸೇರು ಬಂದೇ ಬರುತ್ತಿತ್ತು. ಅಪ್ಪ ಆಯುಷ್ಯವಿಡೀ ನೋಡಿದ ತೂಕ ಅದೊಂದೇ. ಸಾಬೂನಿನ ನೀರಿಗೆ ಬಿದ್ದ ಉಣ್ಣೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಕಿಲೋಗೆ ಎರಡು ಎಂಟುನೂರು ಎಂದರೆ ಹತ್ತಕ್ಕೆ ಏಳು, ಅಣ್ಣಾ. ನೀನೇ ಲೆಕ್ಕ ಹಾಕಿ ನೋಡು. ಅವರು ಒಂದು ಎಳೆ ಉಣ್ಣೆಯನ್ನೂ ಇಟ್ಟುಕೊಂಡಿರಲಿಲ್ಲ.

ಆದರೂ ಇವತ್ತಿಗೂ ಹಾಲು ಕಡಿಮೆ ಬಂದರೆ ಅವ್ವ "ಮದಾರಸಾಬನ ತೂಕ ಆತು ನೋಡು" ಎನ್ನುತ್ತಾಳೆ. ನಾನು ಅದನ್ನು ಈ ಮನೆಗೂ ತಂದಿದ್ದೇನೆ. ನನ್ನ ಮಗಳು ಬೆಲ್ಲ ಹಂಚುವಾಗ ತಮ್ಮನಿಗೆ ಹಾಗೆನ್ನುತ್ತಾಳೆ. ಮದಾರಸಾಬ ಎಂದರೆ ಒಬ್ಬ ಮನುಷ್ಯನ ಹೆಸರು ಎಂದು ಅವಳಿಗೆ ಗೊತ್ತಿಲ್ಲ.

ಮಂಗಳವಾರ ನಾನು ಏನೂ ಹೇಳಲಿಲ್ಲ. ಬುಧವಾರವೂ ಹೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇರುವುದು ಗಂಡನ ಮನೆಯ ಹೆಸರು. ಬೇವಿನ ಮರದ ಆ ಅಂಗಳ ಯಾವುದೆಂದು ಆಪಾನಿಗೆ ಗೊತ್ತಿಲ್ಲ. ಗುರುವಾರ ಚಾಪೆ ಸುತ್ತುತ್ತಿದ್ದಾಗ ಅವರೇ ಹೇಳಿದರು: "ಕಲ್ಯಾಣ ಅಂದಾಗ ನಾ ಮೊದಲ ಒಲ್ಲೆ ಅಂದಿದ್ದೆ, ಜಿಜಾಬಾಯಿ. ನಿಮ್ಮ ತವರುಮನಿ ಅಂತ ಗೊತ್ತಾದಮ್ಯಾಲೇ ಹೂಂ ಅಂದೆ." ನಾನು ಹಗ್ಗ ಬಿಗಿಯುತ್ತ ಕೂತೆ. ಅಷ್ಟು ಬಿಗಿದಿದ್ದೆನೆಂದರೆ, ಅವರೇ ಬಂದು ಸಡಿಲಿಸಬೇಕಾಯಿತು.

ಹೇಳದೆ ಇದ್ದುಬಿಡಬಹುದು. ಯುಗಾದಿಯ ಮೇಲೆ ಅವರು ನಮ್ಮ ಅಂಗಳಕ್ಕೆ ಬಂದು ಕಲಿಸಿ ಹೋಗಲಿ, ಅವರು ಯಾರ ಮಗಳೆಂದು ನೀನು ಕೇಳದಿದ್ದರಾಯಿತು, ನಾನು ನಡುವೆ ಓಡಾಡಿಕೊಂಡಿದ್ದರಾಯಿತು ಎಂದು ಒಂದು ರಾತ್ರಿ ಯೋಚಿಸಿದ್ದೂ ಉಂಟು. ಆದರೆ ಅವರು ಮನೆಗೆ ಹೋಗಿ ತಂದೆಗೆ ಆ ಅಂಗಳದ ಗುರುತು ಹೇಳುವುದಿಲ್ಲವೇ? ಚಾಚಾ ಇನ್ನೂ ಇದ್ದಾರೆ, ಮಗಳ ಜೊತೆಗೇ. ಕಣ್ಣು ಮಂಜಾಗಿದೆಯಂತೆ. ಮಗಳು ಮಾಡಿದ ನಮದಾವನ್ನು ಬೆರಳಿನಿಂದಲೇ ಮುಟ್ಟಿ ಎಲ್ಲಿ ತೆಳುವಾಗಿದೆ ಎಂದು ಹೇಳುತ್ತಾರಂತೆ.

ಹೇಳಿದರೆ ಆಪಾ ಕಲ್ಯಾಣಕ್ಕೆ ಬರಲಿಕ್ಕಿಲ್ಲ. ನನ್ನ ಕೈಗಳ ಮೇಲೆ ಮತ್ತೆ ಕೈ ಇಡಲಿಕ್ಕೂ ಇಲ್ಲ. ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿಲ್ಲ. ಆದರೂ ತೀರ್ಮಾನ ಮಾಡಿದ್ದೇನೆ. ಬರುವ ಶುಕ್ರವಾರ ಮಧ್ಯಾಹ್ನಕ್ಕೇ ಕ್ಲಾಸು ಮುಗಿಯುತ್ತದೆ. ಚಾಚಾ ನಮಾಜು ಮುಗಿಸಿ ಮನೆಗೆ ಬರುವ ಹೊತ್ತಿಗೆ ಆಪಾನ ಜೊತೆ ಹೋಗಿ, ಇಬ್ಬರ ಮುಂದೆಯೂ ನಾನು ಸಿದ್ದಪ್ಪನ ಮಗಳು ಎಂದು ಹೇಳುತ್ತೇನೆ. ನಿನ್ನ ಉತ್ತರಕ್ಕೆ ಕಾಯುವುದಿಲ್ಲ. ನೀನು ತಡೆಯುತ್ತೀ ಎಂದಲ್ಲ. ಕಾಯುತ್ತ ಕೂತರೆ, ನೀನು ತಡೆಯಲಿ ಎಂದು ನಾನೇ ಬಯಸುತ್ತೇನೆ.

ನಿನ್ನಿಂದ ಬೇಕಾದದ್ದು ಒಂದೇ. ಆಮೇಲೂ ಅವರು ಬರುವುದಾದರೆ, ಅಂಗಳಕ್ಕೆ ಅವರನ್ನು ನೀನೇ ಕರೆಯಬೇಕು. ಮಂಡಳದವರಾಗಲಿ ನಾನಾಗಲಿ ಕರೆದರೆ ಸಾಲದು. ಅವ್ವನಿಗೆ ಕಷ್ಟವಾದೀತು. ಅವಳಿಗೆ ಒಂದು ಹಿಡಿ ಉಣ್ಣೆ ತೂಗಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ತೂಗಿ ತೋರಿಸು. ಮಾತಿಗಿಂತ ಅವಳು ತಕ್ಕಡಿಯನ್ನು ನಂಬುತ್ತಾಳೆ.

ಅತ್ತಿಗೆಗೆ ಮತ್ತು ಮಕ್ಕಳಿಗೆ ನನ್ನ ನೆನಪು ಹೇಳು. ಈ ಸಲದ ಮರಿಗಳು ಎಷ್ಟು ಉಳಿದವು, ಬರಿ.

ನಿನ್ನ ತಂಗಿ
ಜಿಜಾ

ತಾ.ಕ.: ಪತ್ರ ಮಡಿಚಿ, ಮತ್ತೆ ಬಿಚ್ಚಿದ್ದೇನೆ. ನಾನು ಬಾಗಿಲಲ್ಲಿ ನಿಂತಿದ್ದೆ ಎಂದಷ್ಟೇ ಬರೆದದ್ದನ್ನು ನೀನು ಗಮನಿಸಿರುತ್ತೀ. ತೂಕ ಕಡಿಮೆ ಬಂದಾಗ ಅಪ್ಪ ಇನ್ನೂ ಅನುಮಾನದಲ್ಲಿದ್ದ. ನನ್ನ ಕಡೆ ತಿರುಗಿ, "ನೀ ದಿನಾ ಅವನ ಬಾಜೂಕೇ ಕೂಡ್ತಿದ್ದಿ. ಏನರೆ ನೋಡಿದೇನು?" ಎಂದು ಕೇಳಿದ. "ಚೀಲದಾಗ ತುಂಬಿದ" ಎಂದೆ. ಚಾಚಾ ಸುಮ್ಮನಾದದ್ದು ಆ ಮಾತಿನ ಮೇಲೆ. ಕಾಲ ಹಾಗಿತ್ತು ಎಂದು ಬರೆದದ್ದು ನನ್ನ ಅನುಕೂಲಕ್ಕೆ. ನೀವೆಲ್ಲ ನನ್ನನ್ನು ನಂಬಿದಿರಿ, ಚೀಲ ಬಿಚ್ಚಿಯೂ ನೋಡಲಿಲ್ಲ. ಅವರು ಚೀಲದಲ್ಲಿ ತುಂಬಿದ್ದು ಹಿಂಜುವಾಗ ಉದುರಿದ ಮುಳ್ಳು, ಹಿಕ್ಕೆ. ನಿನಗೆ ಗೊತ್ತಿಲ್ಲದ್ದು ಇಷ್ಟು: ಅವತ್ತು ಬೆಳಿಗ್ಗೆ ಅವರು ಒಂದು ಚಿಟಿಕೆ ಉಣ್ಣೆಯನ್ನು ಅಂಗೈಯಲ್ಲಿ ಉರುಳಿಸಿ ನನಗೊಂದು ಚೆಂಡು ಮಾಡಿಕೊಟ್ಟಿದ್ದರು. ಅದು ನನ್ನ ಲಂಗದ ಮಡಿಲಲ್ಲಿತ್ತು. ಉಣ್ಣೆ ಹುಡುಕುತ್ತ ಅದನ್ನು ಕಸಿದುಕೊಳ್ಳುತ್ತೀರೆಂದು ಹೆದರಿ ಚೀಲದ ಮಾತು ಹೇಳಿದೆ. ಅವರು ನನ್ನ ಮಡಿಲ ಕಡೆ ಒಮ್ಮೆ ನೋಡಿದರು, ಆದರೆ ಯಾರಿಗೂ ಹೇಳಲಿಲ್ಲ. ಶುಕ್ರವಾರ ತೂಕದ ಮಾತು ಆಮೇಲೆ. ಮೊದಲು ಇದನ್ನು ಹೇಳುತ್ತೇನೆ.