ಆ ಕೆಂಪು ದೀಪ ಹತ್ತು ದಿನದಿಂದ ಉರಿಯುತ್ತಿತ್ತು

ಟೀಚರಮ್ಮನವರಿಗೆ,

ಆರು ವರ್ಷದಿಂದ ನಿಮ್ಮನ್ನು ಬಾಡಿಗೆ ಕಾರಿನಲ್ಲಿ ಕರೆದೊಯ್ಯುತ್ತಿರುವ ಡ್ರೈವರನ ನಮಸ್ಕಾರಗಳು.

ಇದು ನಾಲ್ಕನೆಯ ಕಾಗದ. ಮೂರನ್ನು ಹರಿದುಹಾಕಿದೆ. ಎರಡು ಸಾಲು ಬರೆಯುತ್ತೇನೆ, ಎದ್ದು ಹೋಗಿ ಕಾರಿನ ಬಾನೆಟ್ ಎತ್ತಿ ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದು ಹೆಂಡತಿ ರೇಗುತ್ತಾಳೆ. ಅವಳಿಗೂ ನಿಜ ಹೇಳಿಲ್ಲ.

ಆ ಗುರುವಾರ ಕಾರು ನಡುದಾರಿಯಲ್ಲಿ ನಿಂತಾಗ "ಇದ್ದಕ್ಕಿದ್ದ ಹಾಗೆ ಕೈಕೊಡ್ತು ಅಮ್ಮ" ಎಂದೆನಲ್ಲ, ಅದು ಸುಳ್ಳು.

ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಬ್ಯಾಟರಿಯ ಮುಖ್ಯ ಕೆಲಸ ಇಂಜಿನ್ನನ್ನು ಎಬ್ಬಿಸುವುದು. ಆಮೇಲೆ ದೀಪಕ್ಕೆ, ವೈಪರಿಗೆ, ಇಂಜಿನ್ನಿನ ಕಿಡಿಗೆ ಕರೆಂಟು ಕೊಡುವುದು ಆಲ್ಟರ್ನೇಟರ್ ಎಂಬ ಸಣ್ಣ ಯಂತ್ರ. ಇಂಜಿನ್ ಅದನ್ನು ಒಂದು ಬೆಲ್ಟಿನಿಂದ ತಿರುಗಿಸುತ್ತದೆ. ತಿರುಗುತ್ತಾ ಅದು ಕರೆಂಟು ಹುಟ್ಟಿಸುತ್ತದೆ, ಬ್ಯಾಟರಿಯಲ್ಲಿ ಖರ್ಚಾದದ್ದನ್ನೂ ತುಂಬುತ್ತದೆ. ಅದು ಸೋತರೆ ಕಾರು ಬ್ಯಾಟರಿಯಲ್ಲಿ ಉಳಿದದ್ದನ್ನು ಕುಡಿದುಕೊಂಡು ಓಡುತ್ತದೆ. ಅದೂ ಮುಗಿದಲ್ಲಿ ನಿಲ್ಲುತ್ತದೆ.

ನನ್ನ ಕಾರಿನದು ಸೋತು ಹತ್ತು ದಿನವಾಗಿತ್ತು. ಬ್ಯಾಟರಿ ಗುರುತಿನ ಕೆಂಪು ದೀಪ ಮೊದಲು ಮಿಣುಕುತ್ತಿತ್ತು, ಆಮೇಲೆ ಆರಲೇ ಇಲ್ಲ. ಹೊಸ ಬ್ಯಾಟರಿ ಹಾಕಿಸಿದೆ. ಎರಡೇ ದಿನಕ್ಕೆ ಅದೂ ಬಸವಳಿಯಿತು. ನಮ್ಮ ವೈರಿಂಗ್ ಕೆಲಸದ ಮುದುಕಪ್ಪ ಇಂಜಿನ್ ಓಡಿಸಿ ಮೀಟರ್ ಹಿಡಿದ. "ಹದಿನಾಲ್ಕು ವೋಲ್ಟಿನ ಹತ್ರ ಇರ್ಬೇಕು ಕಣೋ, ಹನ್ನೆರಡೂ ಇಲ್ಲ. ಬೆಲ್ಟು ಬಿಗಿಯಾಗಿದೆ, ವೈರೂ ಸರಿಯಾಗಿದೆ. ಆಲ್ಟರ್ನೇಟರಿನ ಬೇರಿಂಗು ನರಳ್ತಿರೋದು ನಿನ್ ಕಿವಿಗೆ ಬೀಳ್ತಿಲ್ವಾ? ಇದು ರಿಪೇರಿ ಮಾಡೋ ಕಾಲ ಮುಗೀತು, ಬದಲಾಯಿಸು. ತೂತು ಕೊಡಕ್ಕೆ ಎಷ್ಟು ನೀರು ಹೊಯ್ತೀಯ?" ಎಂದ.

ಎರಡು ದಿನ ಗಾಡಿ ಬಿಟ್ಟುಹೋಗು ಎಂದ. ಎರಡು ದಿನ ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ನಾಳೆ ಎಂದೆ. ರಾತ್ರಿಯೆಲ್ಲ ಬ್ಯಾಟರಿಯನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಬೆಳಿಗ್ಗೆ ಓಡಿಸುತ್ತಿದ್ದೆ. ಊರೊಳಗೆ ಹೇಗೋ ನಡೆಯಿತು.

ಗುರುವಾರ ನಸುಕಿನಲ್ಲಿ ನೀವು ಫೋನಿನಲ್ಲಿ "ಆಸ್ಪತ್ರೇಲಿ ಅಕ್ಕ ನನ್ನನ್ನೇ ಕೇಳ್ತಿದ್ದಾಳಂತೆ, ಬೇಗ ಬಾಪ್ಪ" ಎಂದಿರಿ. ಎರಡೂವರೆ ಗಂಟೆಯ ದಾರಿ. ಬೇರೆ ಗಾಡಿ ಕಳಿಸಬಹುದಿತ್ತು. ನೀವು ಕರೆದಿದ್ದು ನನ್ನನ್ನು ಎಂಬ ಜಂಬ ಇತ್ತು, ಹೊರಟೆ. ದಾರಿಯಲ್ಲಿ ನೀವು ಮುಂದಕ್ಕೆ ಬಗ್ಗಿ "ಅದೇನಪ್ಪ ಕೆಂಪಗೆ ಉರೀತಿದೆ?" ಎಂದು ಕೇಳಿದಿರಿ. "ಅದು ಹಾಗೇ ಅಮ್ಮ, ಏನಿಲ್ಲ" ಎಂದೆ.

ಮಂಜು ಕವಿದಿತ್ತು, ದೀಪ ಹಾಕಲೇಬೇಕಾಯಿತು. ಅರ್ಧ ದಾರಿ ದಾಟುವಷ್ಟರಲ್ಲಿ ಬೆಳಕು ಹಳದಿಗೆ ತಿರುಗಿತು, ವೈಪರ್ ತೆವಳತೊಡಗಿತು, ಹಾರ್ನಿನ ಗಂಟಲು ಕಟ್ಟಿತು. ಆಮೇಲೆ ಇಂಜಿನ್ನೇ ನಿಂತಿತು. ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ. ಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿ ಸೆರಗು ಹೊದ್ದು ನಿಂತಿದ್ದಿರಿ. ಕೊನೆಗೆ ಹಾಲಿನ ವ್ಯಾನಿನವನು ನಿಮ್ಮನ್ನು ಹತ್ತಿಸಿಕೊಂಡ.

ಡಿಕ್ಕಿಯಲ್ಲಿ ಉಳಿದಿದ್ದ ನಿಮ್ಮ ಚೀಲ ಹಿಡಿದು ಮಧ್ಯಾಹ್ನ ಬಸ್ಸಿನಲ್ಲಿ ಆಸ್ಪತ್ರೆಗೆ ಬಂದೆ. ನಿಮ್ಮ ಅಕ್ಕನ ಮಗಳು ಮೆಟ್ಟಿಲ ಮೇಲೆ ಕೂತಿದ್ದರು. "ಚಿಕ್ಕಮ್ಮ ಬರೋ ಇಪ್ಪತ್ತು ನಿಮಿಷ ಮುಂಚೆ ಅಮ್ಮ ಹೋಗಿಬಿಟ್ರು. ಬಾಗಿಲು ಸದ್ದಾದಾಗೆಲ್ಲ ಕಣ್ಣು ಬಿಡ್ತಿದ್ರು" ಎಂದರು. ಅಷ್ಟರಲ್ಲಿ ನೀವು ಬಂದು ಚೀಲ ತೆಗೆದುಕೊಂಡಿರಿ. ಅಕ್ಕನಿಗೆಂದು ಇಸ್ತ್ರಿ ಮಾಡಿ ತಂದ ಎರಡು ನೈಟಿ ಅದರಲ್ಲಿದ್ದವು. "ಇದಕ್ಕೋಸ್ಕರ ಬಂದ್ಯಾ? ಯಂತ್ರ ತಾನೇ, ನಿನ್ನದೇನಿದೆ ತಪ್ಪು. ಹೋಗಿ ಊಟ ಮಾಡು" ಎಂದಿರಿ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರನೆಯ ದಿನವೇ ಆಲ್ಟರ್ನೇಟರ್ ಬದಲಾಯಿಸಿದೆ. ಒಂದೂವರೆ ತಾಸಿನಲ್ಲಿ ಮುಗಿಯಿತು. ಎರಡು ದಿನವೂ ಬೇಕಾಗಿರಲಿಲ್ಲ. ಮೀಟರ್ ಹದಿನಾಲ್ಕು ತೋರಿಸಿತು. ಮುದುಕಪ್ಪ ಹಳೆಯದನ್ನು ನನ್ನ ಕೈಗಿಟ್ಟು ಒಳಗೆ ಹೋದ.

ನನ್ನ ತಪ್ಪಿಲ್ಲ ಎಂದು ನೀವು ಹೇಳಿದ್ದು ಗೊತ್ತಿಲ್ಲದೆ. ಈಗ ನಿಮಗೆ ಗೊತ್ತಾಯಿತು. ಆ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ.

ಅಂಚೆಗೆ ಹಾಕಿದರೆ ಮತ್ತೆ ತಪ್ಪಿಸಿಕೊಂಡಂತೆ. ಭಾನುವಾರ ಹತ್ತು ಗಂಟೆಗೆ ನಾನೇ ತಂದು ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಗೇಟಿನ ಹೊರಗೆ ನಿಂತಿರುತ್ತೇನೆ. ಏನು ಹೇಳಬೇಕೋ ಹೇಳಿ. ಏನೂ ಹೇಳದೆ ಬಾಗಿಲು ಹಾಕಿಕೊಂಡರೂ ಸರಿ.

ನಿಮ್ಮ ಆರೋಗ್ಯ ಚೆನ್ನಾಗಿರಲಿ, ಅಕ್ಕನವರ ಆತ್ಮಕ್ಕೆ ಶಾಂತಿ ಸಿಗಲಿ.

ಇಂತಿ, ತಪ್ಪೊಪ್ಪಿಕೊಂಡ
ನಿಮ್ಮ ಡ್ರೈವರ್