ಶೀಟಿನ ಮನೆಗೆ ತಮಟೆ, ಗಾಳಿಕಂಬಕ್ಕೆ ಸಲಾಮು

ಕಂದಾಯ ವಸೂಲಿಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ಪ್ರೇಮಮ್ಮ ಮನೆಗಂದಾಯ ಬಾಕಿ ಉಳಿಸಿಕೊಂಡಿದ್ದಾರೆಂದು ತಾವು ಅದನ್ನು ಬೀದಿಗೆಲ್ಲ ಸಾರಲು ಅವರ ಬಾಗಿಲಿಗೆ ತಮಟೆ ಕಳಿಸಿದಿರಿ. ಅದೇ ಊರಿನ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವ ಕಂಪನಿ, ಬಂದಾಗಿನಿಂದ ಪಂಚಾಯಿತಿಗೆ ಬಿಡಿಗಾಸು ಕಟ್ಟಿಲ್ಲ. ಅವರ ಗೇಟಿಗೆ ತಮಟೆ ಯಾಕೆ ಹೋಗಲಿಲ್ಲ?

ಇದನ್ನೇ ಕೇಳಲು ಕಚೇರಿಗೆ ಬಂದಾಗ ತಾವು ನನ್ನನ್ನು ಕೂರಿಸಿಕೊಂಡು ವಿವರಿಸಿದಿರಿ. ಗಾಳಿಕಂಬ ಕಟ್ಟಡವಲ್ಲ, ಯಂತ್ರ ಎಂದು ಕಂಪನಿಯ ವಕೀಲರು ವಾದ ಹೂಡಿದ್ದಾರೆ, ಕೋರ್ಟಿನ ತಡೆಯಾಜ್ಞೆ ಇದೆ, ತಮ್ಮ ಕೈ ಕಟ್ಟಿಹಾಕಿದಂತಾಗಿದೆ ಎಂದಿರಿ. ಸಂತೋಷ. ಪಕ್ಕದಲ್ಲಿ ತೆಂಗಿನ ಮರವೂ ಮೊಳಕಾಲೆತ್ತರ ಕಾಣುವಷ್ಟು ಎತ್ತರದ ಕಂಬ ಕಟ್ಟಡವಲ್ಲ. ಬಗ್ಗಿ ಒಳಹೋಗಬೇಕಾದ ಸಿಮೆಂಟ್ ಶೀಟಿನ ಮನೆ ಮಾತ್ರ ಕಟ್ಟಡ! ಕಂಪನಿಯ ಲಾರಿಗಳು ಕಿತ್ತುಹಾಕಿದ ರಸ್ತೆಗೆ ಮಣ್ಣು ಹಾಕಿಸಿದ್ದು ಯಾರ ದುಡ್ಡಿನಲ್ಲಿ? ಹೂ ಕಟ್ಟಿ ಮಾರುವ ಪ್ರೇಮಮ್ಮನಿಗೆ ವಕೀಲರಿಲ್ಲ. ಅದಕ್ಕೇ ಅಲ್ಲಿ ತಮ್ಮ ಕೈಗೆ ಯಾವ ಕಟ್ಟೂ ಇರಲಿಲ್ಲ.

ತಮಟೆ ಬಂದ ದಿನ ಏನಾಯಿತೆಂಬುದು ತಮ್ಮ ವಸೂಲಿ ವರದಿಯಲ್ಲಿ ಬಂದಿರಲಾರದು. ಪ್ರೇಮಮ್ಮನ ಮಗಳು ಸಂಗೀತಾಳನ್ನು ನೋಡಲು ಅಜ್ಜಂಪುರದಿಂದ ಗಂಡಿನವರು ಬರುವವರಿದ್ದರು. ಅವರ ಕಾರು ಬೀದಿ ತಿರುವಿಗೆ ಬರುವುದಕ್ಕೂ ತಮಟೆ ಶುರುವಾಗುವುದಕ್ಕೂ ಸರಿಹೋಯಿತು. ನಮ್ಮ ಬೀದಿಯಲ್ಲಿ ಹಬ್ಬವಿಲ್ಲದ ದಿನ ಮನೆ ಮುಂದೆ ತಮಟೆ ಕೇಳಿದರೆ ಸಾವೆಂದೇ ಲೆಕ್ಕ. ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದು ಅವರು ಕಾರು ತಿರುಗಿಸಿಕೊಂಡು ಹೋದರು.

ಸಂಜೆ ನಾನೇ ಫೋನ್ ಮಾಡಿ ನಿಜ ಹೇಳಿದೆ. ಗಂಡಿನ ತಂದೆ, "ಸಾವಾಗಿದ್ರೆ ಸೂತಕ ಕಳುದ್ಮೇಲೆ ಬತ್ತಿದ್ವಿ ಕಣ್ರೀ. ಕಂದಾಯಕ್ಕೆ ತಮಟೆ ಹೊಡಿಸ್ಕಂಡ ಮನೆ ಹೆಣ್ಣು ನಮಗ್ಯಾಕೆ?" ಎಂದರು.

ಮರುದಿನವೇ ಪ್ರೇಮಮ್ಮ ಕಿವಿಯ ಓಲೆ ಅಡವಿಟ್ಟು ಬಾಕಿ ಕಟ್ಟಿದರು. ರಸೀದಿ ಹಿಡಿದುಕೊಂಡು ನನ್ನ ಬಳಿ ಬಂದು, "ಇದನ್ನ ಅವ್ರಿಗೆ ತೋರ್ಸುದ್ರೆ ಬತ್ತಾರಾ, ಓಂಕಾರಣ್ಣ?" ಎಂದು ಕೇಳಿದರು. ಸಂಗೀತಾ ಹಿಂದಿನ ದಿನದಿಂದ ಮನೆಯಿಂದ ಆಚೆ ಬಂದಿರಲಿಲ್ಲ. ನನಗೆ ತಡೆಯಲಾರದ ಸಿಟ್ಟು ಬಂತು, ತಮ್ಮ ಮೇಲೆ.

ಆ ತಡೆಯಾಜ್ಞೆ ತೆರವುಗೊಳಿಸಿ ಎಂದು ತಾವು ಒಂದು ಅರ್ಜಿಯನ್ನಾದರೂ ಹಾಕಿದ್ದೀರಾ? ಇಲ್ಲವಾದರೆ ಹಾಕಿ. ಅದಕ್ಕೂ ಮೊದಲು ತಾವೇ ಅಜ್ಜಂಪುರಕ್ಕೆ ಹೋಗಿ, ಗಂಡಿನವರ ಪಡಸಾಲೆಯಲ್ಲಿ ಕೂತು, ಪ್ರೇಮಮ್ಮ ಈಗ ಯಾರ ಬಾಕಿಯನ್ನೂ ಉಳಿಸಿಕೊಂಡಿಲ್ಲ, ಕಂಪನಿ ಉಳಿಸಿಕೊಂಡಿದೆ ಎಂದು ಬಾಯಿಬಿಟ್ಟು ಹೇಳಿ ಬನ್ನಿ. ತಮಟೆ ಬೇಡ. ಸರ್ಕಾರಿ ಜೀಪಿನಲ್ಲೇ ಹೋಗಿ. ಡೀಸೆಲ್ಲಿಗೆ ಪ್ರೇಮಮ್ಮ ಕಟ್ಟಿದ ದುಡ್ಡಿದೆಯಲ್ಲ.

ಇಂತಿ,
ಕಂದಾಯ ಕಟ್ಟಿ ಸದ್ಯಕ್ಕೆ ಬಾಗಿಲ ಮರ್ಯಾದೆ ಉಳಿಸಿಕೊಂಡಿರುವ
ಓಂಕಾರಮೂರ್ತಿ,
ಪಂಚನಹಳ್ಳಿ ದಾರಿಯ ಒಂದು ಸಣ್ಣ ಊರು